ಶಿವರಾತ್ರಿ ಆಸುಪಾಸಿನ ಬಿರುಮಳೆ: ಮೂರು ದಿನದ ಹವಾ ಮುನ್ಸೂಚನೆಯನ್ನು ಓದುವುದು ಹೇಗೆ?

ಶಿವರಾತ್ರಿ ಬಂತೆಂದರೆ ಚಳಿಯು ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ಆದರೆ ಹೋಗುವ ಚಳಿ ಸುಮ್ಮನೆ ಹೋಗುವುದಿಲ್ಲ, ಒಂದೆರಡು ಪೆಟ್ಟು ಕೊಟ್ಟೇ ಹೋಗುತ್ತದೆ ಎಂಬುದನ್ನು ಬೀದರ್, ಕಲಬುರ್ಗಿ, ವಿಜಯಪುರ, ಬೆಳಗಾವಿ ಕಡೆಯ ಬೇಸಾಯಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೆಬ್ರುವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗಿನ ಆರು ವಾರಗಳಲ್ಲಿ ಹಿಂಗಾರಿ ಜೋಳ ತೆನೆ ಬಲಿತು ನಿಂತಿರುತ್ತದೆ. ಕಡಲೆ ಕಿತ್ತು ಹೊಲದಲ್ಲೇ ಬಿದ್ದಿರುತ್ತದೆ. ದ್ರಾಕ್ಷಿ ಗೊನೆಗಳಲ್ಲಿ ಸಕ್ಕರೆ ಏರುತ್ತಿರುತ್ತದೆ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಕಣದ ತುಂಬ ಹರಡಿರುತ್ತದೆ. ಮಾವು ಹೂ ಕಳೆದು ಮಿಡಿ ಕಚ್ಚುತ್ತಿರುತ್ತದೆ. ವರ್ಷದ ದುಡಿಮೆಯೆಲ್ಲ ತೆರೆದ ಆಕಾಶದ ಕೆಳಗೆ ಕೂತಿರುವ ಹೊತ್ತು ಇದು.

ನಮ್ಮ ಹಿರಿಯರು ಮಳೆಯ ಲೆಕ್ಕ ಹಿಡಿದದ್ದು ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಮುಂದಕ್ಕೆ. ಸೂರ್ಯನು ಶತಭಿಷ, ಪೂರ್ವಾಭಾದ್ರ, ಉತ್ತರಾಭಾದ್ರಗಳಲ್ಲಿ ಇರುವ ಈ ದಿನಗಳ ಮಳೆ ಲೆಕ್ಕಕ್ಕೆ ಸೇರದ ಮಳೆ, ಅಕಾಲಿಕ ಮಳೆ. ಪಂಚಾಂಗದಲ್ಲಿ ಇದಕ್ಕೆ ಆಧಾರ ಹುಡುಕಿದರೆ ಸಿಗುವುದು ಕಷ್ಟ. ಆದುದರಿಂದ ಹವಾಮಾನ ಇಲಾಖೆಯ ಮೂರು ದಿನದ ಮುನ್ಸೂಚನೆಯೇ ರೈತನಿಗೆ ಉಳಿದ ದಾರಿ. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ನಂಬಿ ಏನು ಮಾಡಬಹುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಅಗತ್ಯವಾಗಿದೆ.

ಗಾಳಿ ಬರುವುದು ಎಲ್ಲಿಂದ?

ಚಳಿಗಾಲದಲ್ಲಿ ಉತ್ತರ ಭಾರತಕ್ಕೆ ಮಳೆ ತರುವುದು ಮುಂಗಾರು ಮಾರುತಗಳಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟುವ ವಾಯುಭಾರ ಕುಸಿತಗಳು ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಕಾಶ್ಮೀರದತ್ತ ಬರುತ್ತವೆ. ನೆಲದಿಂದ ಹತ್ತು ಹನ್ನೆರಡು ಕಿಲೊಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಹರಿಯುವ ಗಾಳಿಯ ಹೊಳೆಯೊಂದಿದೆ. ಆ ಹೊಳೆ ಇವುಗಳನ್ನು ಹೊತ್ತು ತರುತ್ತದೆ. ಹವಾಮಾನ ಇಲಾಖೆ ಇದನ್ನು ‘ಪಶ್ಚಿಮದ ಪ್ರಕ್ಷುಬ್ಧತೆ’ ಎನ್ನುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ ನಾಲ್ಕೈದು ಇಂಥವು ಬರುತ್ತವೆ. ಕೆಲವು ಮೋಡ ತೋರಿಸಿ ಹೋಗುತ್ತವೆ. ಕೆಲವು ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಲ್ಲಿ ಹಿಮ ಸುರಿಸಿ, ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶಗಳಿಗೆ ಮಳೆ ಕೊಡುತ್ತವೆ.

ಜನವರಿಯಲ್ಲಿ ಬಂದ ಪ್ರಕ್ಷುಬ್ಧತೆಗೂ ಮಾರ್ಚಿನಲ್ಲಿ ಬಂದದ್ದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಜನವರಿಯಲ್ಲಿ ನೆಲವೂ ತಣ್ಣಗಿರುತ್ತದೆ, ಮೇಲಿನ ಗಾಳಿಯೂ ತಣ್ಣಗಿರುತ್ತದೆ. ಮಳೆ ಸೌಮ್ಯವಾಗಿ ಜಿನುಗುತ್ತದೆ. ಮಾರ್ಚ್ ಹೊತ್ತಿಗೆ ನೆಲ ಕಾದಿರುತ್ತದೆ. ಅರಬ್ಬೀ ಸಮುದ್ರದಿಂದಲೋ ಬಂಗಾಳ ಕೊಲ್ಲಿಯಿಂದಲೋ ತೇವದ ಗಾಳಿ ಒಳನಾಡಿಗೆ ನುಗ್ಗುತ್ತದೆ. ಇದರ ಮೇಲೆ ಪಶ್ಚಿಮದಿಂದ ಬಂದ ಥಂಡಿ ಗಾಳಿ ಎತ್ತರದಲ್ಲಿ ಹರಡಿಕೊಂಡಿತೆಂದರೆ, ಕೆಳಗೆ ಬೆಂಕಿ ಹಚ್ಚಿ ಮೇಲೆ ಮಂಜುಗಡ್ಡೆ ಇಟ್ಟ ಹಾಗೆ. ಬಿಸಿ ಗಾಳಿ ಕಂಬದಂತೆ ಮೇಲೇಳುತ್ತದೆ, ಗುಡುಗು ಮೋಡ ಕಟ್ಟುತ್ತದೆ. ಆ ಮೋಡದೊಳಗೆ ನೀರಿನ ಹನಿ ಹೆಪ್ಪುಗಟ್ಟಿ, ಮೇಲಕ್ಕೂ ಕೆಳಕ್ಕೂ ತೂರಾಡಿ, ಪದರದ ಮೇಲೆ ಪದರ ಕೂಡಿಸಿಕೊಂಡು ಆಲಿಕಲ್ಲಾಗುತ್ತದೆ. ಮುಂಗಾರಿನಲ್ಲೂ ದೊಡ್ಡ ಮೋಡಗಳಿರುತ್ತವೆ, ಆದರೆ ಆಗ ಹೆಪ್ಪುಗಟ್ಟುವ ಮಟ್ಟ ಇನ್ನೂ ಎತ್ತರದಲ್ಲಿದ್ದು ಕಲ್ಲು ನೆಲಕ್ಕೆ ಮುಟ್ಟುವಷ್ಟರಲ್ಲಿ ಕರಗಿ ನೀರಾಗಿರುತ್ತದೆ. ಆಲಿಕಲ್ಲಿನ ಹಾವಳಿ ಫೆಬ್ರುವರಿಯಿಂದ ಏಪ್ರಿಲಿನೊಳಗೆ ಹೆಚ್ಚಾಗಿರುವುದಕ್ಕೆ ಇದೇ ಕಾರಣ.

ಕರ್ನಾಟಕಕ್ಕೆ ಪಶ್ಚಿಮದ ಪ್ರಕ್ಷುಬ್ಧತೆ ನೇರವಾಗಿ ಬರುವುದು ಅಪರೂಪ. ಆದರೆ ಅದರ ಬಾಲದ ಏಟು ಬೀಳುತ್ತದೆ. ಈ ಕಾಲದಲ್ಲಿ ವಿದರ್ಭ ಅಥವಾ ಮರಾಠವಾಡದಿಂದ ಹೊರಟು ಕರ್ನಾಟಕದ ಒಳನಾಡಿನ ಮೂಲಕ ಕೇರಳದವರೆಗೆ ಒಂದು ಕಡಿಮೆ ಒತ್ತಡದ ಗೆರೆ ಬಿದ್ದಿರುತ್ತದೆ. ಗೆರೆಯ ಒಂದು ಬದಿಗೆ ಒಣಗಾಳಿ, ಇನ್ನೊಂದು ಬದಿಗೆ ತೇವದ ಗಾಳಿ. ಉತ್ತರದಲ್ಲಿ ಬಲವಾದ ಪ್ರಕ್ಷುಬ್ಧತೆ ಸಾಗುತ್ತಿರುವಾಗ ಈ ಗೆರೆ ಚುರುಕಾಯಿತೆಂದರೆ ನಾಸಿಕ್‌ನಿಂದ ಕಲಬುರ್ಗಿಯವರೆಗೆ ಎಲ್ಲಿ ಬೇಕಾದರೂ ಸಂಜೆ ಹೊತ್ತು ಸಿಡಿಲು, ಬಿರುಗಾಳಿ, ಆಲಿಕಲ್ಲು ಆಗಬಹುದು.

ಅನುಭವ ಏನು ಹೇಳುತ್ತದೆ?

2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಆದದ್ದನ್ನು ಮರೆತವರಿಲ್ಲ. ಮಹಾರಾಷ್ಟ್ರದ ಮರಾಠವಾಡ, ವಿದರ್ಭ, ಉತ್ತರದ ಜಿಲ್ಲೆಗಳಲ್ಲೂ ನಮ್ಮ ಗಡಿ ಜಿಲ್ಲೆಗಳಲ್ಲೂ ಒಂದು ದಿನವಲ್ಲ, ಎರಡು ದಿನವಲ್ಲ, ಮತ್ತೆ ಮತ್ತೆ ಆಲಿಕಲ್ಲು ಸುರಿಯಿತು. ಗೋಧಿ, ಕಡಲೆ, ಜೋಳ ನೆಲಕಚ್ಚಿದವು. ದ್ರಾಕ್ಷಿ ಚಪ್ಪರಗಳೂ ದಾಳಿಂಬೆ ಗಿಡಗಳೂ ಹಣ್ಣು, ಎಲೆ, ತೊಗಟೆ ಎಲ್ಲ ಕಳೆದುಕೊಂಡು ನಿಂತವು. ವಾರ್ಷಿಕ ಬೆಳೆ ಹೋದರೆ ಒಂದು ವರ್ಷ ಹೋಯಿತು. ಗಿಡದ ಕಡ್ಡಿ ಜಜ್ಜಿದರೆ ಮುಂದಿನ ಫಸಲೂ ಹೋಯಿತು. ತೋಟಗಾರನ ನಷ್ಟದ ಲೆಕ್ಕ ಬರೆಯುವಾಗ ನಮ್ಮ ಅಧಿಕಾರಿಗಳು ಈ ಎರಡನೆಯದನ್ನು ಬಿಡುವುದೇ ಹೆಚ್ಚು.

ಮರುವರ್ಷ, 2015ರ ಮಾರ್ಚಿನಲ್ಲಿ, ಸರದಿ ಉತ್ತರ ಭಾರತದ್ದು. ಒಂದರ ಹಿಂದೆ ಒಂದು ಪ್ರಕ್ಷುಬ್ಧತೆ ಬಂದು ಪಂಜಾಬಿನಿಂದ ಉತ್ತರ ಪ್ರದೇಶ, ಮಧ್ಯಪ್ರದೇಶದವರೆಗೆ ಬಲಿಯುತ್ತಿದ್ದ ಗೋಧಿಯನ್ನು ಮಲಗಿಸಿದವು. ಕಾಳು ಹೊಳಪು ಕಳೆದುಕೊಂಡಿತು, ಜೊಳ್ಳಾಯಿತು. ಸರ್ಕಾರಿ ಖರೀದಿಯ ಗುಣಮಟ್ಟದ ನಿಯಮಗಳನ್ನು ಸಡಿಲಿಸಬೇಕಾಯಿತು. ಆ ವರ್ಷದ ಏಪ್ರಿಲಿನಲ್ಲೇ ಕೇಂದ್ರ ಸರ್ಕಾರ ಪರಿಹಾರದ ಅರ್ಹತೆಯನ್ನು ಶೇಕಡಾ 50ರ ಬೆಳೆನಷ್ಟದಿಂದ ಶೇಕಡಾ 33ಕ್ಕೆ ಇಳಿಸಿತು. ಇಂದಿಗೂ ತಹಸೀಲ್ದಾರರ ಕಚೇರಿಯಲ್ಲಿ ಕೇಳಿಬರುವ ‘ಮೂವತ್ತಮೂರು ಪರ್ಸೆಂಟ್’ ಎಂಬ ಮಾತಿನ ಮೂಲ ಆ ಮಾರ್ಚಿನ ಮಳೆ. 2023ರ ಮಾರ್ಚಿನಲ್ಲಿ ಮತ್ತೆ ಅಕಾಲಿಕ ಮಳೆ, ಆಲಿಕಲ್ಲು. ಮತ್ತೆ ಗೋಧಿ ಖರೀದಿಯ ನಿಯಮ ಸಡಿಲಿಕೆ.

ಹಾಗೆಂದು ಪ್ರಕ್ಷುಬ್ಧತೆ ಬಾರದಿದ್ದರೆ ಒಳ್ಳೆಯದೇ? ಅದೂ ಅಲ್ಲ. 2022ರ ಮಾರ್ಚ್ ತಿಂಗಳು 1901ರಿಂದ ದಾಖಲಾದ ಮಾರ್ಚ್‌ಗಳಲ್ಲೆಲ್ಲ ಅತ್ಯಂತ ಬಿಸಿಯಾದದ್ದು ಎನಿಸಿತು. ಮೋಡವಿಲ್ಲ, ಮಳೆಯಿಲ್ಲ, ಬಿಸಿಲಿಗೆ ಗೋಧಿಯ ಕಾಳು ಹಾಲು ತುಂಬುವ ಹಂತದಲ್ಲೇ ಮುದುಡಿತು. ಮೇ 13ರಂದು ಗೋಧಿ ರಫ್ತನ್ನು ನಿಲ್ಲಿಸುವ ಮಟ್ಟಿಗೆ ಹೋಯಿತು. 2025ರಲ್ಲಿ ಇನ್ನೊಂದು ಬಗೆ. ಫೆಬ್ರುವರಿ ತಿಂಗಳು 1901ರಿಂದೀಚೆಗೆ ಕಂಡರಿಯದಷ್ಟು ಬೆಚ್ಚಗಿತ್ತು, ಬೆಟ್ಟಗಳಲ್ಲಿ ಹಿಮಕ್ಕೆ ಕಾದು ಕುಳಿತಿದ್ದರು. ತಿಂಗಳ ಕೊನೆಯಲ್ಲಿ ಬಂದ ಪ್ರಕ್ಷುಬ್ಧತೆ ಒಂದೇ ಸಲಕ್ಕೆ ಹಿಮ ಸುರಿಸಿತು. ಫೆಬ್ರುವರಿ 28ರಂದು ಉತ್ತರಾಖಂಡದ ಮಾಣಾ ಬಳಿ ಹಿಮಕುಸಿತವಾಗಿ ರಸ್ತೆ ಕೆಲಸದ ಎಂಟು ಮಂದಿ ಕಾರ್ಮಿಕರು ಸತ್ತರು.

ಉತ್ತರದ ಗೋಧಿ ಬೆಳೆಗಾರನಿಗೆ ಫೆಬ್ರುವರಿಯ ಗಾಳಿಯಿಲ್ಲದ ಮಳೆ ಚಿನ್ನ. ಅದೇ ಮಳೆ ಹದಿನೈದು ದಿನ ತಡವಾಗಿ, ಗಾಳಿಯೊಡನೆ ಬಂದರೆ ಬೆಳೆ ಮಲಗುತ್ತದೆ. ಕಾಲ್ತಪ್ಪಿದ ಹದಿನೈದು ದಿನದಲ್ಲಿ ವರ ಶಾಪವಾಗುವುದರಿಂದಲೇ ಮುನ್ಸೂಚನೆಯಲ್ಲಿ ‘ಮಳೆ ಬರುತ್ತದೆ’ ಎಂಬುದಷ್ಟೇ ಸಾಲದು. ಗಾಳಿ ಎಷ್ಟು, ಕಲ್ಲು ಉಂಟೆ, ಯಾವ ದಿನ ಎಂಬುದನ್ನೆಲ್ಲ ಅದು ಹೇಳಬೇಕಾಗುತ್ತದೆ.

ಇಲಾಖೆಯ ಮಾತಿನ ಅರ್ಥ

1945ರಲ್ಲಿ ಆಕಾಶವಾಣಿಯ ಮೂಲಕ ರೈತರಿಗಾಗಿ ಹವಾ ವರ್ತಮಾನ ಪ್ರಾರಂಭವಾದಂದಿನಿಂದಲೂ ಅದನ್ನು ಗೇಲಿ ಮಾಡುವುದು ಊರಕಟ್ಟೆಯ ಮಾಮೂಲು ಮೋಜು. ‘ಮಳೆ ಬರಬಹುದು, ಬರದೆಯೂ ಇರಬಹುದು’ ಎಂದು ಓದುವ ದನಿಯನ್ನೇ ಅನುಕರಿಸುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಗೇಲಿ ಮಾಡುವುದಕ್ಕೆ ಮೊದಲು, ಆ ಮಾತುಗಳಿಗೆ ಇಲಾಖೆ ಅಳತೆ ಗೊತ್ತುಪಡಿಸಿದೆ ಎಂಬುದನ್ನು ತಿಳಿಯುವುದು ಮೇಲು. ಅಳತೆ ತಿಳಿದರೆ ಅರ್ಧ ಜಗಳ ಮುಗಿಯುತ್ತದೆ.

ಮೊದಲನೆಯದು, ಎಲ್ಲಿ ಎಂಬುದು. ‘ಒಂದೆರಡು ಕಡೆ’ ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರ ಒಳಗೆ ಮಾತ್ರ ಮಳೆ. ‘ಕೆಲವು ಕಡೆ’ ಎಂದರೆ ಶೇಕಡಾ 26ರಿಂದ 50. ‘ಹಲವು ಕಡೆ’ ಎಂದರೆ 51ರಿಂದ 75. ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ವಿಭಾಗ ಎಂದರೆ ಸಣ್ಣದಲ್ಲ. ಇಡೀ ದೇಶವನ್ನು 36 ಹವಾ ವಿಭಾಗಗಳನ್ನಾಗಿ ಮಾಡಿದ್ದಾರೆ; ಕರ್ನಾಟಕಕ್ಕೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರೇ. ‘ಉತ್ತರ ಒಳನಾಡಿನ ಒಂದೆರಡು ಕಡೆ ಮಳೆ’ ಎಂದು ಕೇಳಿದ ಇಂಡಿ ತಾಲ್ಲೂಕಿನ ರೈತ, ತನ್ನ ಹೊಲಕ್ಕೆ ಬೀಳಲಿಲ್ಲವೆಂದು ಇಲಾಖೆಯನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಂದು ಹುಮನಾಬಾದಿನಲ್ಲಿ ಬಿದ್ದಿರಬಹುದು.

ಎರಡನೆಯದು, ಎಷ್ಟು ಖಚಿತ ಎಂಬುದು. ಇಲ್ಲಿಯೇ ಹೆಚ್ಚಿನವರು ಎಡವುವುದು. ಇಲಾಖೆಯ ಪರಿಭಾಷೆಯಲ್ಲಿ ಬರೀ ‘ಸಾಧ್ಯತೆ ಇದೆ’ ಎಂದರೆ ನೂರಕ್ಕೆ 25ರಿಂದ 50 ಪಾಲು. ಅಂದರೆ ಬರುವುದಕ್ಕಿಂತ ಬಾರದಿರುವುದೇ ಹೆಚ್ಚು! ‘ಹೆಚ್ಚಿನ ಸಾಧ್ಯತೆ’ ಎಂದರೆ 50ರಿಂದ 75. ‘ಅತಿ ಹೆಚ್ಚಿನ ಸಾಧ್ಯತೆ’ ಎಂದಾಗ ಮಾತ್ರ 75ಕ್ಕೆ ಮೇಲೆ. ಕನ್ನಡಕ್ಕೆ ತರುವಾಗ ಈ ಮೂರನ್ನೂ ‘ಮಳೆಯಾಗುವ ಸಾಧ್ಯತೆ’ ಎಂದು ಒಂದೇ ಎರಕಕ್ಕೆ ಹೊಯ್ಯುವ ಪದ್ಧತಿ ಪತ್ರಿಕೆಗಳಲ್ಲೂ ದೂರದರ್ಶನದಲ್ಲೂ ಬೆಳೆದುಬಂದಿದೆ. ಇದು ರೈತನಿಗೆ ಮಾಡುವ ಅನ್ಯಾಯವೆಂದೇ ಹೇಳಬೇಕು. ತೂಕದ ಕಲ್ಲನ್ನು ಕಿತ್ತು ಬರೀ ತಕ್ಕಡಿ ಕೊಟ್ಟ ಹಾಗೆ.

ಮಳೆಯ ಪ್ರಮಾಣಕ್ಕೂ ಹೀಗೆಯೇ ಅಳತೆಯಿದೆ. ‘ಹಗುರ ಮಳೆ’ ಎಂದರೆ ದಿನಕ್ಕೆ 2.5ರಿಂದ 15.5 ಮಿಲಿಮೀಟರ್. ‘ಸಾಧಾರಣ’ ಎಂದರೆ 15.6ರಿಂದ 64.4. ‘ಭಾರಿ’ ಎಂಬ ಮಾತು ಬರುವುದು 64.5ರಿಂದ ಮೇಲೆ. ಈ ಹೆಸರುಗಳನ್ನು ಮಳೆಗಾಲಕ್ಕೆ ಹೊಂದಿಸಿ ಇಟ್ಟದ್ದು. ಫೆಬ್ರುವರಿಯಲ್ಲಿ ಕಿತ್ತು ಹಾಕಿದ ಕಡಲೆಗೆ ‘ಹಗುರ ಮಳೆ’ ಹಗುರವೇನೂ ಅಲ್ಲ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಹದಿನೈದು ಮಿಲಿಮೀಟರ್ ಎಂದರೆ ಅರವತ್ತು ಸಾವಿರ ಲೀಟರ್. ಬಿಳಿಜೋಳದ ತೆನೆ ಕಪ್ಪು ತಿರುಗುವುದಕ್ಕೆ ಅಷ್ಟೂ ಬೇಕಿಲ್ಲ. ಆದುದರಿಂದ ಈ ಆರು ವಾರಗಳಲ್ಲಿ ‘ಹಗುರ’ ಎಂಬ ಶಬ್ದ ಕೇಳಿ ನಿಶ್ಚಿಂತರಾಗುವುದು ಸಲ್ಲದು.

ಬಣ್ಣದ ಎಚ್ಚರಿಕೆಗಳ ವಿಷಯವೂ ಒಂದಿಷ್ಟು ಗೊಂದಲವೇ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕಾರ್ಯಕ್ಕಿಳಿಯಿರಿ. ಬಣ್ಣ ಕೊಡುವುದು ಮಳೆಯ ಪ್ರಮಾಣವೊಂದನ್ನೇ ನೋಡಿ ಅಲ್ಲ. ಅದು ಆಗುವ ಸಂಭವ ಎಷ್ಟು, ಆದರೆ ಹಾನಿ ಎಷ್ಟು ಎಂಬ ಎರಡನ್ನೂ ಕೂಡಿಸಿ. ಹಳದಿಯೊಂದಿಗೆ ‘ಗುಡುಗು, 40–50 ಕಿಲೊಮೀಟರ್ ವೇಗದ ಗಾಳಿ’ ಎಂದು ಬರೆದಿದ್ದರೆ ದ್ರಾಕ್ಷಿ, ಬಾಳೆ ಇರುವವರು ಅದನ್ನು ಕಿತ್ತಳೆ ಎಂದೇ ಓದಿಕೊಳ್ಳುವುದು ಕ್ಷೇಮ.

ಇನ್ನೊಂದು ಸಣ್ಣ ಸಂಗತಿ. ಇಲಾಖೆಯ ದಿನ ನಮ್ಮ ದಿನವಲ್ಲ. ಅದರ ಮಳೆದಿನ ಬೆಳಿಗ್ಗೆ ಎಂಟೂವರೆಗೆ ಹುಟ್ಟಿ ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಮಂಗಳವಾರ ರಾತ್ರಿ ಸುರಿದ ಮಳೆ ಬುಧವಾರದ ಲೆಕ್ಕಕ್ಕೆ ಜಮೆಯಾಗುತ್ತದೆ. ಮುಂದೆ ವಿಮೆಯ ತಕರಾರು ಬಂದಾಗ ಈ ತಾರೀಖಿನ ವ್ಯತ್ಯಾಸ ಅನೇಕರನ್ನು ಕಾಡುತ್ತದೆ.

ಎಷ್ಟು ಮುಂಚೆ ಏನು ತಿಳಿಯುತ್ತದೆ?

ಉತ್ತರ ಭಾರತದ ರೈತನು ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತ. ಪಶ್ಚಿಮದ ಪ್ರಕ್ಷುಬ್ಧತೆ ಇರಾನಿನ ಮೇಲೆ ಇರುವಾಗಲೇ ಉಪಗ್ರಹದ ಚಿತ್ರದಲ್ಲಿ ಕಾಣಿಸುತ್ತದೆ. ಆದುದರಿಂದ ಲೂಧಿಯಾನಕ್ಕೆ ಶುಕ್ರವಾರ ಮಳೆ ಎಂಬುದನ್ನು ಮಂಗಳವಾರವೇ ಬಹುಮಟ್ಟಿಗೆ ಹೇಳಬಹುದು. ನಮ್ಮ ಒಳನಾಡಿನ ಗುಡುಗು ಮಳೆ ಹಾಗಲ್ಲ. ಅದು ಅಂದಂದಿನ ಬಿಸಿಲಿಗೆ ಅಂದಂದೇ ಹುಟ್ಟುವಂಥದು. ಮೂರು ದಿನ ಮುಂಚೆ ತಿಳಿಯುವುದು ‘ಈ ಪ್ರದೇಶದಲ್ಲಿ ಗುಡುಗು ಮೋಡ ಕಟ್ಟುವ ವಾತಾವರಣ ಸಿದ್ಧವಾಗುತ್ತಿದೆ’ ಎಂಬುದಷ್ಟೆ. ಒಂದು ದಿನ ಮುಂಚೆ ಯಾವ ಜಿಲ್ಲೆಗಳು ಎಂಬುದನ್ನು ಹೇಳಬಹುದು. ಯಾವ ಹೋಬಳಿಯ ಮೇಲೆ ಕಲ್ಲು ಬೀಳುತ್ತದೆ ಎಂಬುದು ಮೋಡ ಎದ್ದ ಮೇಲೆಯೇ, ಎರಡು ಮೂರು ಗಂಟೆ ಮುಂಚೆ, ರಾಡಾರಿನ ಕಣ್ಣಿಗೆ ಬಿದ್ದ ಮೇಲೆಯೇ ಗೊತ್ತಾಗುವುದು. ಆಲಿಕಲ್ಲಿನ ಪಟ್ಟಿ ಕೆಲವೇ ಕಿಲೊಮೀಟರ್ ಅಗಲದ್ದು. ಒಂದು ಊರನ್ನು ನುಣ್ಣಗೆ ಮಾಡಿ ಪಕ್ಕದ ಊರನ್ನು ಮುಟ್ಟದೆ ಹೋಗುತ್ತದೆ. ಬೀದರ್‌ಗೆ ಹೈದರಾಬಾದಿನ ರಾಡಾರ್ ಹತ್ತಿರವಿದೆ. ವಿಜಯಪುರವು ಹೈದರಾಬಾದಿಗೂ ದೂರ, ಗೋವಾಕ್ಕೂ ದೂರ.

ಹಾಗಾದರೆ ಮೂರು ದಿನದ ಮುನ್ಸೂಚನೆಯಿಂದ ಪ್ರಯೋಜನವೇನು? ಅದನ್ನು ‘ಮಳೆ ಬರುತ್ತದೆಯೇ ಇಲ್ಲವೇ’ ಎಂಬ ಪ್ರಶ್ನೆಗೆ ಉತ್ತರವೆಂದು ತಿಳಿಯದೆ, ‘ಈಗ ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡುವುದು ಯೋಗ್ಯ’ ಎಂಬ ಪ್ರಶ್ನೆಗೆ ಉಪಯೋಗಿಸಿಕೊಳ್ಳಬೇಕು. ಉದಾಹರಣೆಗೆ, ಒಬ್ಬನ ಕಣದಲ್ಲಿ ಹರಡಿದ ಮೆಣಸಿನಕಾಯಿ ನೆನೆದರೆ ಇಪ್ಪತ್ತು ಸಾವಿರ ರೂಪಾಯಿ ನಷ್ಟ, ಅದನ್ನು ಗುಡ್ಡೆ ಮಾಡಿ ತಾಡಪತ್ರಿ ಹೊದಿಸಲು ಕೂಲಿ ಸೇರಿ ಎರಡು ಸಾವಿರ ಖರ್ಚು ಎಂದಿಟ್ಟುಕೊಳ್ಳೋಣ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಮಳೆಯ ಸಂಭವವಿದ್ದರೂ ಹೊದಿಸುವುದೇ ಲಾಭ. ಬರೀ ‘ಸಾಧ್ಯತೆ ಇದೆ’ ಎಂಬ ಮಾತೇ ಇಲ್ಲಿ ಸಾಕು. ಮಳೆ ಬಾರದೆ ಹೋದರೆ ಎರಡು ಸಾವಿರ ದಂಡವಾಯಿತೆಂದು ಕೊರಗಬಾರದು. ಹತ್ತು ಸಲದ ಲೆಕ್ಕ ಒಟ್ಟಿಗೆ ನೋಡಬೇಕು.

ದ್ರಾಕ್ಷಿಯ ಲೆಕ್ಕ ಬೇರೆ. ಒಣದ್ರಾಕ್ಷಿಗೆಂದು ಬಿಟ್ಟ ಗೊನೆಯಲ್ಲಿ ಸಕ್ಕರೆ ಪೂರ್ತಿ ಏರುವ ಮೊದಲೇ ಕೊಯ್ದರೆ ಮಣೂಕ ತೂಕ ಬರುವುದಿಲ್ಲ. ಹದವಾಗಿ ಮಾಗಿದ ನಾಲ್ಕು ಕಿಲೊ ಹಣ್ಣಿಗೆ ಸುಮಾರು ಒಂದು ಕಿಲೊ ಮಣೂಕ ಸಿಕ್ಕರೆ, ಎಳೆಯ ಹಣ್ಣಿಗೆ ಅಷ್ಟು ದಕ್ಕದು. ಇಲ್ಲಿ ಮುಂಜಾಗ್ರತೆಯ ಖರ್ಚೇ ದೊಡ್ಡದು. ಹೀಗಾಗಿ ‘ಸಾಧ್ಯತೆ’ಗೆ ಹೆದರಿ ತೋಟ ಖಾಲಿ ಮಾಡುವುದು ಬೇಡ; ‘ಅತಿ ಹೆಚ್ಚಿನ ಸಾಧ್ಯತೆ’ ಎಂಬ ಮಾತು ಬಂದು, ಹಣ್ಣೂ ಹದಕ್ಕೆ ಹತ್ತಿರವಿದ್ದರೆ ಕೊಯ್ಲು ಎರಡು ದಿನ ಹಿಂದಕ್ಕೆ ತರಬಹುದು. ಶೆಡ್ಡಿನಲ್ಲಿ ಆಗಲೇ ಒಣಗಲು ಹಾಕಿದ ಹಣ್ಣಿನ ಮಾತು ಮತ್ತೆ ಬೇರೆ. ಒಣಗಲು ಹದಿನೈದು ಇಪ್ಪತ್ತು ದಿನ ಬೇಕು. ಅಷ್ಟು ದೂರದ ಮುನ್ಸೂಚನೆಯನ್ನು ನೆಚ್ಚುವಂತಿಲ್ಲ. ಪಕ್ಕಗಳ ಪರದೆ ಭದ್ರವಾಗಿದೆಯೇ, ಮೇಲಿನ ಹಾಳೆ ಗಾಳಿಗೆ ಹಾರದಂತೆ ಕಟ್ಟಿದೆಯೇ ಎಂಬುದನ್ನು ಫೆಬ್ರುವರಿಯಲ್ಲೇ ನೋಡಿಕೊಳ್ಳತಕ್ಕದ್ದು. ಮಳೆ ಬಂದುಹೋದ ಮೇಲೆ ತೇವದ ಗಾಳಿ ಒಳಗೆ ನಿಲ್ಲಲು ಬಿಡದೆ ಪರದೆ ತೆರೆದು ಗಾಳಿಯಾಡಿಸಬೇಕು. ಇಲ್ಲವಾದರೆ ಹಣ್ಣಿನ ಬಣ್ಣ ಕೆಡುತ್ತದೆ.

ಕಡಲೆಯ ವಿಷಯದಲ್ಲಿ ಮೂರು ದಿನದ ಮುನ್ಸೂಚನೆ ನಿಜವಾಗಿ ಬೆಲೆಯುಳ್ಳದ್ದು. ಗಿಡ ಕೀಳುವುದನ್ನು ಮೂರು ದಿನ ತಡೆದರೆ ನಷ್ಟವೇನಿಲ್ಲ. ಕಿತ್ತು ಹರಡಿದ ಮೇಲೆ ನೆನೆದರೆ ಕಾಯಿ ಸಿಡಿಯುತ್ತದೆ, ಕಾಳು ಬಣ್ಣಗೆಡುತ್ತದೆ. ಮಳೆಯ ಸೂಚನೆಯಿದ್ದಾಗ ಕೀಳಬೇಡಿ. ಕಿತ್ತದ್ದಾದರೆ ಸಣ್ಣ ಗುಡ್ಡೆಗಳಾಗಿ ಒಟ್ಟಿ ಹೊದಿಸಿ. ರಾಶಿ ಯಂತ್ರದವನ ಸರದಿಗೆ ಕಾಯುವವರು ಈ ಮೂರು ದಿನವನ್ನು ಮೊದಲೇ ಹೇಳಿ ಹಿಡಿದುಕೊಳ್ಳುವುದು ಜಾಣತನ. ಮೋಡ ಕಂಡ ದಿನ ಯಂತ್ರಕ್ಕೂ ಆಳಿಗೂ ದರ ಏರುವುದು ಎಲ್ಲರಿಗೂ ಗೊತ್ತು. ಜೋಳ ಬಲಿತಿದ್ದರೆ ತೆನೆ ಮುರಿದು ಒಳಗೆ ತರುವುದು ಮೊದಲು, ಕಣಿಕೆಯ ಬಣವೆ ಆಮೇಲೆ. ಆದರೆ ಕಣಿಕೆಯನ್ನೂ ಅಲಕ್ಷಿಸಬಾರದು. ನೆನೆದು ಬೂಸಲು ಹಿಡಿದ ಮೇವು ಬೇಸಿಗೆಯಲ್ಲಿ ದನಕ್ಕೆ ಬೇಡದ ಕಸ.

ಔಷಧಿ ಹೊಡೆಯುವವರಿಗೆ ಒಂದೇ ಮಾತು. ಮರುದಿನದ ಮುನ್ಸೂಚನೆಯಲ್ಲಿ ಮಳೆಯಿದ್ದರೆ ಪಂಪಿಗೆ ಕೈ ಹಾಕಬೇಡಿ. ಮಾವಿನ ಹೂವಿಗೆ ಮೋಡ ಮತ್ತು ತೇವ ಬಂದುಹೋದ ಮೇಲೆ ಬೂದಿ ರೋಗ, ಜಿಗಿಹುಳು ಎರಡರ ಮೇಲೂ ಕಣ್ಣಿಡಬೇಕು, ಸಿಂಪಡಿಸುವುದಾದರೆ ಆಗ.

ಇನ್ನು ಸಿಡಿಲು. ಬೆಳೆಯ ಚಿಂತೆಯಲ್ಲಿ ಹೊಲದಲ್ಲೇ ನಿಂತು ತಾಡಪತ್ರಿ ಎಳೆಯುವಾಗ, ಮರದ ಬುಡದಲ್ಲಿ ಆಸರೆ ಪಡೆದಾಗ ಜೀವ ಹೋಗುವುದುಂಟು. ಮಿಂಚಿದ ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೊಮೀಟರ್ ದೂರದಲ್ಲಿದೆ. ಗುಡುಗು ಕೇಳುವಷ್ಟು ಹತ್ತಿರ ಬಂದಾಗಲೇ ಹೊಲ ಬಿಡಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮರಳಬಾರದು. ಪುಣೆಯ ಉಷ್ಣವಲಯ ಹವಾಶಾಸ್ತ್ರ ಸಂಸ್ಥೆಯವರು ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸುತ್ತಮುತ್ತಲ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಮಲೆನಾಡಿನಲ್ಲಿ ಬೇರೆ ನ್ಯಾಯ

ಇಷ್ಟೆಲ್ಲ ಓದಿದ ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಬೆಳೆಗಾರರು ನಕ್ಕಾರು. ಬಯಲುಸೀಮೆಯವನು ಹೆದರುವ ಇದೇ ಮಳೆಗೆ ಅವರು ಆಕಾಶ ನೋಡುತ್ತ ಕೂತಿರುತ್ತಾರೆ. ಫೆಬ್ರುವರಿ–ಮಾರ್ಚಿನಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಕಾಫಿ ಮೊಗ್ಗು ಒಮ್ಮೆಲೇ ಅರಳುತ್ತದೆ. ಎರಡು ಮೂರು ವಾರದ ನಂತರ ಬೆನ್ನುಮಳೆ ಬಂದರೆ ಕಾಯಿ ಕಚ್ಚುತ್ತದೆ. ಆದರೆ ಅಲ್ಲಿಯೂ ‘ಎಷ್ಟು’ ಎಂಬುದೇ ಪ್ರಶ್ನೆ. ಹತ್ತು ಮಿಲಿಮೀಟರ್ ಬಿದ್ದು ನಿಂತರೆ ಮೊಗ್ಗು ಅರ್ಧಂಬರ್ಧವಾಗಿ ಉಳಿಯುತ್ತದೆ. ತುಂತುರು ಹನಿಸುವ ನೀರಾವರಿ ಇರುವವರಿಗೆ ಮೂರು ದಿನದ ಮುನ್ಸೂಚನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆರೆಯ ನೀರು ಇಂದೇ ಎತ್ತಬೇಕೆ, ಎರಡು ದಿನ ಕಾಯಬೇಕೆ ಎಂಬುದು ಡೀಸೆಲ್ಲಿನ ಪ್ರಶ್ನೆಯೂ ಹೌದು, ನೀರಿನ ಪ್ರಶ್ನೆಯೂ ಹೌದು.

ಸುದ್ದಿ ಹಳ್ಳಿಗೆ ಮುಟ್ಟುವ ದಾರಿ

ಮುನ್ಸೂಚನೆಯ ವಿಜ್ಞಾನ ಮುಂದೆ ಹೋಗಿರುವುದು ನಿಜ. 2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ ಪ್ರಾರಂಭವಾಯಿತು. 2025ರ ಮೇ ತಿಂಗಳಲ್ಲಿ ಆರು ಕಿಲೊಮೀಟರ್ ಚೌಕದ ಲೆಕ್ಕದಲ್ಲಿ ಹವೆ ಲೆಕ್ಕಹಾಕುವ ‘ಭಾರತ್ ಫೋರ್‌ಕಾಸ್ಟ್’ ವ್ಯವಸ್ಥೆ ಬಂತು. ಮಂಗಳವಾರ ಮತ್ತು ಶುಕ್ರವಾರ ಹೊರಬೀಳುವ ಕೃಷಿ ಹವಾ ಸಲಹೆ ‘ಮೇಘದೂತ’ ಆ್ಯಪಿನಲ್ಲಿ ಸಿಗುತ್ತದೆ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕ ಇಟ್ಟು, ‘ವರುಣ ಮಿತ್ರ’ ಸಹಾಯವಾಣಿ ನಡೆಸಿ ಬೇರೆ ರಾಜ್ಯಗಳಿಗೆ ಮೇಲ್ಪಂಕ್ತಿಯಾಗಿದೆ.

ಆದರೆ ಇದೇ ಅವಧಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾ ಘಟಕಗಳನ್ನು 2024ರ ಮಾರ್ಚ್ ವೇಳೆಗೆ ಮುಚ್ಚಲಾಯಿತು. ಮಳೆಯ ಅಂಕಿಯನ್ನು ‘ಕಡಲೆ ಕೀಳಬೇಡಿ’, ‘ಈ ವಾರ ಸಿಂಪಡಣೆ ಬೇಡ’ ಎಂಬ ಮಾತಿಗೆ ತಿರುಗಿಸಿ ಆಯಾ ತಾಲ್ಲೂಕಿನ ಬೆಳೆಗೆ ತಕ್ಕಂತೆ ಹೇಳುತ್ತಿದ್ದವರು ಈ ಘಟಕಗಳ ವಿಜ್ಞಾನಿಗಳು. ಅಂಕಿ ಊರಿಗೆ ಹತ್ತಿರ ಬರುತ್ತಿರುವ ಹೊತ್ತಿಗೆ ಅದನ್ನು ಬಿಡಿಸಿ ಹೇಳುವ ಮನುಷ್ಯನನ್ನು ದೂರ ಮಾಡಿದ್ದು ಸರಿಯಾದ ಉಳಿತಾಯವೆಂದು ನಮಗೆ ತೋರುವುದಿಲ್ಲ. ಪಂಚಾಯಿತಿಯ ಹಲಗೆಯ ಮೇಲೆ ಮೂರು ದಿನದ ಮುನ್ಸೂಚನೆಯನ್ನು ಸೀಮೆಸುಣ್ಣದಲ್ಲಿ ಬರೆಯಿಸುವುದಕ್ಕೆ ಯಾವ ಉಪಗ್ರಹವೂ ಬೇಕಿಲ್ಲ. ಬರೆಯುವಾಗ ‘ಸಾಧ್ಯತೆ’ಯ ಪಕ್ಕದಲ್ಲಿ ನೂರಕ್ಕೆ ಎಷ್ಟು ಎಂಬುದನ್ನೂ ಬರೆದರೆ ಸಾಕು.

ವಿಮೆಗೂ ಎಪ್ಪತ್ತೆರಡೇ ಗಂಟೆ

ಮಳೆ ಬಂದೇ ಬಿಟ್ಟಿತು, ಬೆಳೆ ಹೋಯಿತು ಎಂದಾದರೆ ಆಮೇಲಿನ ಮೂರು ದಿನವೂ ಅಷ್ಟೇ ಮುಖ್ಯ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ಹಾನಿಗೆ ಹೊಲವಾರು ಪರಿಶೀಲನೆಗೆ ಅವಕಾಶವಿದೆ. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಅಕಾಲಿಕ ಮಳೆಗೆ ಸಿಕ್ಕರೆ, ಕೊಯ್ಲಿನಿಂದ 14 ದಿನದವರೆಗೆ ರಕ್ಷಣೆಯಿದೆ. ರಾಜ್ಯದ ಅಧಿಸೂಚನೆಯಲ್ಲಿ ಆ ಬೆಳೆ, ಆ ಅಪಾಯ ಸೇರಿರಬೇಕು. ಹಾನಿಯಾದ 72 ಗಂಟೆಯೊಳಗೆ ತಿಳಿಸಿರಬೇಕು. ರಾಶಿ ಮಾಡಿ ಮನೆಗೆ ತಂದ ಕಾಳಿಗೆ ಇದು ಅನ್ವಯಿಸದು. ತಿಳಿಸುವುದಕ್ಕೆ 14447 ಎಂಬ ಸಹಾಯವಾಣಿ ಇದೆ; ಬ್ಯಾಂಕು ಅಥವಾ ರೈತ ಸಂಪರ್ಕ ಕೇಂದ್ರದ ಮೂಲಕವೂ ಆಗಬಹುದು. ನೆರೆಹೊರೆಯವರು ಕಂಡಿದ್ದಾರೆ, ಗ್ರಾಮ ಆಡಳಿತಾಧಿಕಾರಿ ಬಂದು ಹೋಗಿದ್ದಾರೆ ಎಂದು ಸುಮ್ಮನಿದ್ದರೆ ಅರ್ಜಿ ತಳ್ಳಿಬೀಳುತ್ತದೆ. ಅವರು ಬರೆದುಕೊಂಡು ಹೋಗುವುದು ಸರ್ಕಾರದ ವಿಕೋಪ ಪರಿಹಾರಕ್ಕೆ; ವಿಮೆಯ ದಾರಿಯೇ ಬೇರೆ. ಆ ಪರಿಹಾರವೋ, 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಪಡಿಸಿದ ದರದಂತೆ, ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ತೋಟಕ್ಕೆ 22,500 ರೂಪಾಯಿ. ಅದೂ ಎರಡು ಹೆಕ್ಟೇರ್ ಮಿತಿಗೆ. ದ್ರಾಕ್ಷಿ ಚಪ್ಪರ ಕಟ್ಟಿದವನಿಗೆ ಈ ಹಣ ತಂತಿಯ ಖರ್ಚಿಗೂ ಸಾಲದು.

ಹಾನಿಯ ಫೋಟೋ ತೆಗೆಯುವಾಗ ಕಲ್ಲು ಕರಗುವ ಮೊದಲೇ ತೆಗೆಯಿರಿ. ಅದರ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವನ್ನೋ ನಿಂಬೆಹಣ್ಣನ್ನೋ ಇಟ್ಟರೆ ಗಾತ್ರದ ಬಗ್ಗೆ ಮಾತಿಗೆ ಮಾತು ಬೆಳೆಯುವುದಿಲ್ಲ. ಸಮಯವನ್ನೂ ಬರೆದಿಟ್ಟುಕೊಳ್ಳಿ.

ಉತ್ತರದ ಬಿರುಗಾಳಿ, ನಮ್ಮ ಪೇಟೆ

ಕೊನೆಯದಾಗಿ, ಮಧ್ಯಪ್ರದೇಶ ರಾಜಸ್ಥಾನಗಳಲ್ಲಿ ಆದ ಮಳೆಯ ಸುದ್ದಿಯನ್ನು ನಮ್ಮವರು ಅಲ್ಲಿಯದೆಂದು ಬಿಡಬಾರದು. ಅಲ್ಲಿನ ಕಡಲೆ ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ; ನಮ್ಮದು ಅದಕ್ಕೆ ಸ್ವಲ್ಪ ಮುಂಚೆ. ಅಲ್ಲಿ ಬೆಳೆ ನೆನೆಯಿತೆಂದರೆ ಗದಗ, ಕಲಬುರ್ಗಿ ಪೇಟೆಗಳಲ್ಲಿ ಒಣಗಿದ ಹೊಳಪಿನ ಕಾಳಿಗೆ ಕೇಳುವವರು ಹೆಚ್ಚುತ್ತಾರೆ. ನಾಸಿಕ್ ಕಡೆ ಹಿಂಗಾರಿ ಈರುಳ್ಳಿ ಕೀಳುವ ಹೊತ್ತಿಗೆ ಕಲ್ಲು ಬಿದ್ದರೆ, ಆ ಗಡ್ಡೆ ತಿಂಗಳುಗಟ್ಟಲೆ ಕೂಡಿಡಲು ಬಾರದೆ ಒಮ್ಮೆಲೇ ಪೇಟೆಗೆ ಬರುತ್ತದೆ. ಮೊದಲು ಬೆಲೆ ಇಳಿದು, ಕೂಡಿಟ್ಟ ಮಾಲು ಕಡಿಮೆಯಾದ ಕಾರಣ ಮಳೆಗಾಲದ ಹೊತ್ತಿಗೆ ಏರುವ ಸಂಭವ ಹೆಚ್ಚು. ಕಡಲೆಯನ್ನು ಚೀಲಕ್ಕೆ ತುಂಬಿ, ಇಂದೇ ಮಾರಲೋ ಎರಡು ವಾರ ಇಡಲೋ ಎಂದು ಯೋಚಿಸುತ್ತಿರುವವರು ಭೋಪಾಲ, ಜೈಪುರಗಳ ಮುನ್ಸೂಚನೆಯನ್ನೂ ಒಮ್ಮೆ ನೋಡಿ ತೀರ್ಮಾನಿಸಬಹುದು.